ಬಲಗಡೆ ಮೆಡುಲ್ಲಾಗೆ ಪೆಟ್ಟಾದರೆ ಮುಖ ಬಲಕ್ಕೆ, ಮೈ ಎಡಕ್ಕೆ ಮರಗಟ್ಟುವುದು ಯಾಕೆ?

ಪ್ರಶ್ನೆ, ಎಂಬಿಬಿಎಸ್ ಮೊದಲ ವರ್ಷ:
ನ್ಯೂರೋಅನಾಟಮಿ ವೈವಾ ಹತ್ತಿರ ಬಂತು. ವಾಲೆನ್‌ಬರ್ಗ್ ಸಿಂಡ್ರೋಮ್, ಅಂದರೆ ಮಿದುಳುಕಾಂಡದ ಕೆಳತುದಿಯಾದ ಮೆಡುಲ್ಲಾದ ಪಕ್ಕಕ್ಕೆ ಆಗುವ ಸ್ಟ್ರೋಕ್, ಉರು ಹೊಡೆದಿದ್ದೇನೆ, ತಲೆಗೆ ಮಾತ್ರ ಹತ್ತುತ್ತಿಲ್ಲ. ಮೆಡುಲ್ಲಾದ ಬಲ ಪಕ್ಕಕ್ಕೆ ರಕ್ತ ಹೋಗದಿದ್ದರೆ ಬಲ ಮುಖಕ್ಕೆ ನೋವು, ಬಿಸಿ ಗೊತ್ತಾಗುವುದಿಲ್ಲ. ಆದರೆ ಕೈಕಾಲಲ್ಲಿ ಎಡಗಡೆ! ಮತ್ತೆ ಸ್ಟ್ರೋಕ್ ಆದರೂ ಕೈಕಾಲು ಬೀಳುವುದಿಲ್ಲವಂತೆ. ಹೇಗೆ?

ಉತ್ತರ, ಅನಾಟಮಿ ಮೇಷ್ಟ್ರು:
ಯಾವುದು ಎಲ್ಲಿ ದಾಟುತ್ತದೆ ನೋಡಿ. ಮೈಯ ನೋವು, ಬಿಸಿ ಒಯ್ಯುವ ಸ್ಪೈನೋಥಲಾಮಿಕ್ ನಾರುಗಳು ಬೆನ್ನುಹುರಿಯಲ್ಲೇ, ಒಂದೆರಡು ಸೆಗ್ಮೆಂಟ್‌ನೊಳಗೆ ಆಚೆ ಬದಿಗೆ ದಾಟಿಬಿಡುತ್ತವೆ. ಹಾಗಾಗಿ ಬಲ ಮೆಡುಲ್ಲಾದಲ್ಲಿ ಹೋಗುವುದು ಎಡ ಮೈಯ ಸುದ್ದಿ. ಮುಖದ ನಾರುಗಳು ಮೆಡುಲ್ಲಾದ ಮೇಲಿರುವ ಪಾನ್ಸ್‌ನಲ್ಲಿ ಒಳಗೆ ಬಂದು, ಅದೇ ಬದಿಯಲ್ಲಿ ಕೆಳಗಿಳಿದು ಸ್ಪೈನಲ್ ಟ್ರೈಜೆಮಿನಲ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪಿಗೆ ಸೇರುತ್ತವೆ. ದಾಟುವುದು ಅಲ್ಲಿಂದ ಮುಂದೆ. ಇವೆರಡೂ ಮೆಡುಲ್ಲಾದ ಪಕ್ಕದಲ್ಲಿ ಉಬ್ಬಿಕೊಂಡಿರುವ ಆಲಿವ್‌ನ ಹಿಂದೆ ಅಕ್ಕಪಕ್ಕ ಇವೆ, ಪೆಟ್ಟು ಒಟ್ಟಿಗೇ ಬೀಳುತ್ತದೆ. ಕೈಕಾಲಿಗೆ ಚಲನೆಯ ಅಪ್ಪಣೆ ಒಯ್ಯುವ ನಾರುಗಳ ಕಟ್ಟು, ಅಂದರೆ ಪಿರಮಿಡ್, ಮುಂದುಗಡೆ, ನಟ್ಟನಡುವೆ ಇದೆ. ಅದಕ್ಕೆ ರಕ್ತ ಬೇರೆ ಕಡೆಯಿಂದ, ಉಳಿದುಕೊಳ್ಳುತ್ತದೆ.

ಉತ್ತರ, ಸ್ಪೀಚ್ ಥೆರಪಿಸ್ಟ್:
ಮೇಷ್ಟ್ರು ಹೇಳಿದ್ದು ಸರಿ. ಆದರೆ ನಮ್ಮ ವಾರ್ಡಿಗೆ ಈ ರೋಗಿಗಳು ಬರುವುದು ಮುಖ ಮರಗಟ್ಟಿತು ಅಂತ ಅಲ್ಲ, ನುಂಗಲು ಆಗುತ್ತಿಲ್ಲ ಅಂತ. ಅದೇ ಪಕ್ಕದಲ್ಲಿ ನ್ಯೂಕ್ಲಿಯಸ್ ಆಂಬಿಗ್ಯುಅಸ್ ಇದೆ. ಗಂಟಲು, ಅಂಗುಳ, ಧ್ವನಿಪೆಟ್ಟಿಗೆಯ ಸ್ನಾಯುಗಳಿಗೆ ಅಲ್ಲಿಂದಲೇ ಅಪ್ಪಣೆ. ಬಾಯಿ ತೆರೆಸಿ "ಆ" ಅನ್ನಿಸಿ, ಟಾರ್ಚ್ ಬಿಟ್ಟು ನೋಡಿ: ಕಿರುನಾಲಿಗೆ ಚೆನ್ನಾಗಿರುವ ಕಡೆಗೆ ಎಳೆದುಕೊಳ್ಳುತ್ತದೆ. ಪೆಟ್ಟಾದ ಬದಿ ಜೋತು ಬಿದ್ದಿರುತ್ತದೆ. ಮಾತು ಗೊಗ್ಗರು. ಬರೀ ನೀರು ಕುಡಿದರೆ ಕೆಮ್ಮು.

ಬಲ ಬದಿಗೆ ಪೆಟ್ಟಾದ ಒಬ್ಬ ಅಜ್ಜನಿಗೆ ಗಂಜಿ ಗಟ್ಟಿ ಮಾಡಿ, ತಲೆಯನ್ನು ಪೆಟ್ಟಾದ ಬದಿಗೆ ತಿರುಗಿಸಿ ನುಂಗಲು ಹೇಳಿಕೊಟ್ಟೆ. ಹಾಗೆ ಮಾಡಿದರೆ ಕೆಲಸ ಮಾಡದ ಬದಿ ಮುಚ್ಚಿಕೊಂಡು ತುತ್ತು ಇನ್ನೊಂದು ಬದಿಯಿಂದ ಇಳಿಯುತ್ತದೆ. ಎಲ್ಲರಿಗೂ ಇದು ನಡೆಯುವುದಿಲ್ಲ, ಮೊದಲು ಪರೀಕ್ಷೆ ಮಾಡಬೇಕು. ಅಜ್ಜನ ಮಗಳಿಗೆ ಇನ್ನೊಂದು ಮಾತು ಹೇಳಿದ್ದೆ: ಸ್ನಾನದ ನೀರನ್ನು ನೀವೇ ಮುಟ್ಟಿ ನೋಡಿ, ಅವರ ಎಡಗೈ ಸುಟ್ಟರೂ ತಿಳಿಯದು. ಆದರೆ ಅದೇ ಎಡಗೈಯನ್ನು ಹತ್ತಿಯಿಂದ ಮುಟ್ಟಿದರೆ ಗೊತ್ತಾಗುತ್ತದೆ! ಸ್ಪರ್ಶದ ದಾರಿ ಮೀಡಿಯಲ್ ಲೆಮ್ನಿಸ್ಕಸ್, ನಡುಗೆರೆ ಹತ್ತಿರ ಹೋಗುತ್ತದೆ, ಹಾಗಾಗಿ ಅದಕ್ಕೆ ಪೆಟ್ಟು ಬೀಳುವುದಿಲ್ಲ. ವೈವಾದಲ್ಲಿ ಇದನ್ನು ಹೇಳಿದರೆ ಎಕ್ಸಾಮಿನರ್ ಖುಷಿಪಡುತ್ತಾರೆ.

ಪ್ರಶ್ನೆ ಕೇಳಿದವರು:
ಈಗ ಚಿತ್ರ ಕಣ್ಣಿಗೆ ಬಂತು. ಕಟ್ಟಿಕೊಳ್ಳುವ ರಕ್ತನಾಳ ಪೈಕಾ (PICA, ಕಿರುಮಿದುಳಿನ ಹಿಂಭಾಗದ ಕೆಳ ಧಮನಿ) ಅಂತಲೇ ಹೇಳಲಾ? ಬಿಕ್ಕಳಿಕೆಯೂ ಬರುತ್ತದಂತೆ?

ಅನಾಟಮಿ ಮೇಷ್ಟ್ರು:
ಪೈಕಾ ಅನ್ನಿ, ಆದರೆ ಜಾಸ್ತಿ ಕೇಸ್‌ಗಳಲ್ಲಿ ಕಟ್ಟಿಕೊಳ್ಳುವುದು ಅದು ಕವಲೊಡೆಯುವ ವರ್ಟಿಬ್ರಲ್ ಆರ್ಟರಿಯೇ ಅಂತಲೂ ಸೇರಿಸಿ. ಹಾರ್ನರ್ ಸಿಂಡ್ರೋಮ್ ಮರೀಬೇಡಿ: ಅದೇ ಬದಿಯ ಪಾಪೆ ಚಿಕ್ಕದು, ರೆಪ್ಪೆ ಸ್ವಲ್ಪ ಇಳಿದಿರುತ್ತದೆ. ವಾಲೆನ್‌ಬರ್ಗ್ 1895ರಲ್ಲಿ ರೋಗಿಯನ್ನು ವಿವರಿಸಿ, 1901ರಲ್ಲಿ ಶವಪರೀಕ್ಷೆಯಲ್ಲಿ ಜಾಗ ತೋರಿಸಿದರು. ಅಷ್ಟು ಇತಿಹಾಸ ಸಾಕು.

ಸ್ಪೀಚ್ ಥೆರಪಿಸ್ಟ್:
ಬಿಕ್ಕಳಿಕೆ ಹೌದು, ಬರುತ್ತದೆ. ದಿನಗಟ್ಟಲೆ ನಿಲ್ಲದೆ ಬಂದಿದ್ದನ್ನು ನೋಡಿದ್ದೇನೆ. ಅಜ್ಜ ಅದಕ್ಕೇ ಜಾಸ್ತಿ ಬೇಸರ ಪಟ್ಟಿದ್ದು.