ನಲಿಕಲಿ ಕೋಣೆಯಲ್ಲಿ ಸದ್ದಿಲ್ಲದ ಚಪ್ಪಾಳೆ ಹೇಗೆ?

ಪ್ರಶ್ನೆ:
ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಲಿಕಲಿ ಟೀಚರ್. 1ರಿಂದ 3ನೇ ತರಗತಿ ಎಲ್ಲಾ ಒಂದೇ ಕೋಣೆ, ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂತು ಕಾರ್ಡ್ ನೋಡಿ ಕಲಿಯುತ್ತಾರೆ. ಒಂದು ತಟ್ಟೆಯಲ್ಲಿ ಯಾರೋ ಕಾರ್ಡ್ ಸರಿಯಾಗಿ ಓದಿದರೆ ಚಪ್ಪಾಳೆ ಬೀಳುತ್ತದೆ. ಉಳಿದ ನಾಲ್ಕು ತಟ್ಟೆಯವರೂ ಕೆಲಸ ಬಿಟ್ಟು, ಯಾರಿಗೆ, ಯಾಕೆ ಅಂತ ಗೊತ್ತಿಲ್ಲದೆ ತಾವೂ ಬಡಿಯುತ್ತಾರೆ! ಮೇಲೆ ತಗಡಿನ ಪತ್ರಾಸು, ಕೆಳಗೆ ಶಹಾಬಾದ್ ಕಲ್ಲು. ಸದ್ದು ಹೋಗುವುದಾದರೂ ಎಲ್ಲಿಗೆ? ಪಕ್ಕದ ಕೋಣೆಯ ಸರ್ ಗೋಡೆ ಕುಟ್ಟುತ್ತಾರೆ. ಎರಡನೇ ತರಗತಿಯ ಒಬ್ಬ ಹುಡುಗ ಚಪ್ಪಾಳೆ ಅಂದರೆ ಸಾಕು, ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ. ಶಭಾಶ್ ಅನ್ನಬೇಕು, ಗದ್ದಲ ಬೇಡ. ನೀವೆಲ್ಲಾ ಏನು ಮಾಡುತ್ತೀರಿ?

ಉತ್ತರ 1 (ಭಾಲ್ಕಿ ಕಡೆಯವರು):
ಮಳೆ ಚಪ್ಪಾಳೆ ಮಾಡಿಸಿ ಮೇಡಂ. ಅಂಗೈ ಮೇಲೆ ಒಂದು ಬೆರಳು ತಟ್ಟಿದರೆ ತುಂತುರು. ಎರಡು, ಮೂರು, ಹೀಗೆ ಐದೂ ಬೆರಳಿಗೆ ಜೋರು ಮಳೆ. ಆಮೇಲೆ ಬೆರಳು ಕಡಿಮೆ ಮಾಡುತ್ತಾ ಬಂದರೆ ಕೋಣೆ ತಾನಾಗಿ ಸುಮ್ಮನಾಗುತ್ತದೆ. ನಿಮ್ಮ ಪತ್ರಾಸಿನ ಕೆಳಗೆ ಎರಡು ಬೆರಳಿಗೇ ನಿಲ್ಲಿಸಿ.

ಉತ್ತರ 2 (ಶಹಾಪುರದಿಂದ):
ಕಿವಿ ಕೇಳದವರು ಚಪ್ಪಾಳೆ ಹೊಡೆಯುವ ರೀತಿ ನೋಡಿದ್ದೀರಾ? ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ಮುಂಗೈ ತಿರುಗಿಸುತ್ತಾರೆ. ಕಿವಿ ಕೇಳದ ಹುಡುಗಿಯೊಬ್ಬಳು ನಮ್ಮ ತರಗತಿಗೆ ಬಂದ ವರ್ಷ ಇದನ್ನು ಶುರು ಮಾಡಿದೆವು. ಮೊದಲ ದಿನ ಮೂವತ್ತು ಜೋಡಿ ಕೈ ಮೇಲೇರಿದಾಗ ಅವಳು ಹಿಂದಕ್ಕೆ ತಿರುಗಿ ನೋಡಿದಳು, ಬೇರೆ ಯಾರಿಗೋ ಅಂದುಕೊಂಡು. ಅವಳು ಈಗ ಬೇರೆ ಶಾಲೆಗೆ ಹೋಗಿದ್ದಾಳೆ, ನಾವು ಬಿಟ್ಟಿಲ್ಲ.

ಉತ್ತರ 3:
ಅಷ್ಟಕ್ಕೂ ಪ್ರತಿ ಕಾರ್ಡಿಗೂ ಚಪ್ಪಾಳೆ ಯಾಕ್ರೀ? ಹತ್ತಿರ ಹೋಗಿ "ಒತ್ತಕ್ಷರ ಚೆನ್ನಾಗಿ ಓದಿದೆ" ಅಂತ ಹೇಳಿ. ಅದು ಜಾಸ್ತಿ ದಿನ ನೆನಪಿರುತ್ತದೆ.

ಪ್ರಶ್ನೆ ಕೇಳಿದವರು:
ಹದಿನೈದು ದಿನ ಆಯಿತು, ಬಂದು ಹೇಳೋಣ ಅಂದುಕೊಂಡೆ. ಮಳೆ ಚಪ್ಪಾಳೆ ನಮ್ಮಲ್ಲಿ ಸೋತಿತು. ಎರಡು ಬೆರಳಿಗೆ ನಿಲ್ಲಿ ಅಂದರೆ ಯಾರು ಕೇಳಬೇಕು, ನೇರ ಪ್ರವಾಹವೇ! ಕೈ ತಿರುಗಿಸುವುದು ಮಾತ್ರ ಹಿಡಿಸಿತು. ಆದರೆ ಮಕ್ಕಳು ಅದನ್ನು ಹಾಗೇ ಬಿಡಲಿಲ್ಲ. ಮೂರನೇ ತರಗತಿಯ ಹುಡುಗಿಯೊಬ್ಬಳು "ಟೀಚರ್, ರೊಟ್ಟಿ ಬಡಿಯೋಣ" ಅಂದಳು. ಗಾಳಿಯಲ್ಲೇ ಹಿಟ್ಟು ನಾದಿ, ಸದ್ದಿಲ್ಲದೆ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿ, ಓದಿದವರ ಕೈಗೆ ಕೊಡುವುದು. ನೀರು ಸವರುವುದನ್ನು ಒಬ್ಬರೂ ಮರೆಯುವುದಿಲ್ಲ, ಮನೆಯಲ್ಲಿ ದಿನಾ ನೋಡುತ್ತಾರಲ್ವಾ. ಕಿವಿ ಮುಚ್ಚಿಕೊಳ್ಳುತ್ತಿದ್ದ ಹುಡುಗನೂ ಬಡಿಯುತ್ತಾನೆ, ಮೂಲೆಯಲ್ಲಿ ಕೂತೇ.

ಒಂದೇ ತೊಂದರೆ, ಭಾಳ ಹೊತ್ತು ಹಿಡಿಯುತ್ತದೆ. ಅದಕ್ಕೆ ದಿನಕ್ಕೆ ಕೈ ತಿರುಗಿಸುವುದು, ರೊಟ್ಟಿ ಶನಿವಾರಕ್ಕೆ ಮಾತ್ರ. ಮೊನ್ನೆ ಶನಿವಾರ ಪದ್ಯ ಹೇಳಿದ ಹುಡುಗ ರೊಟ್ಟಿಗಳನ್ನೆಲ್ಲಾ ಮಡಿಲಿಗೆ ಹಾಕಿಕೊಂಡು ಕೇಳಿದ: "ಪುಂಡಿಪಲ್ಯ ಯಾರು ಕೊಡ್ತೀರಿ?"