ಛಲ ಎಲ್ಲಿ ಮುಗಿದು ಗೀಳು ಎಲ್ಲಿ ಶುರುವಾಗುತ್ತೆ? (287 ದಿನದ ಸ್ಟ್ರೀಕ್, ಕಾಲು ನೋವು)

ಬೆಳಗಿನ_ಓಟ:
ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೈಕೋಬೇಡಿ. 287 ದಿನದಿಂದ ಒಂದು ದಿನಾನೂ ತಪ್ಪಿಸದೆ ಓಡ್ತಿದೀನಿ, ಫೋನಿನ ಓಟದ ಆ್ಯಪ್‌ನಲ್ಲಿ ಈ ಸತತ ದಿನಗಳ ಲೆಕ್ಕಕ್ಕೇ ಸ್ಟ್ರೀಕ್ ಅನ್ನೋದು. ಗುರಿ ಹಾಫ್ ಮ್ಯಾರಥಾನ್, 21.1 ಕಿ.ಮೀ. ಎರಡು ಗಂಟೆ ಒಳಗೆ ಮುಗಿಸಬೇಕು. ಮೂರು ವಾರದಿಂದ ಎಡಗಾಲಲ್ಲಿ, ಮಂಡಿ ಕೆಳಗಿನ ಮೂಳೆ ಮೇಲೆ ಒಂದೇ ಜಾಗದಲ್ಲಿ ನೋವು, ಬೆರಳಲ್ಲಿ ಒತ್ತಿದ್ರೆ ಜೀವ ಹೋಗುತ್ತೆ. ಡಾಕ್ಟರು ಸ್ಟ್ರೆಸ್ ಫ್ರಾಕ್ಚರ್ (ಪದೇ ಪದೇ ಪೆಟ್ಟು ಬಿದ್ದು ಮೂಳೆಯಲ್ಲಿ ಆಗೋ ಸಣ್ಣ ಬಿರುಕು) ಇರಬಹುದು, ಆರು ವಾರ ಓಡ್ಬೇಡಿ ಅಂದ್ರು. ಆಯ್ತು ಅಂತ ತಲೆ ಆಡಿಸಿ ಬಂದೆ. ಮೊನ್ನೆ ರಾತ್ರಿ 11:35ಕ್ಕೆ ಮನೇಲೆಲ್ಲಾ ಮಲಗಿದ್ಮೇಲೆ ಶೂ ಕೈಯಲ್ಲಿ ಹಿಡ್ಕೊಂಡು ಕಳ್ಳನ ಥರ ಮೆಟ್ಟಿಲು ಇಳಿದು ಕುಂಟ್ಕೊಂಡು 1.6 ಕಿ.ಮೀ. ಓಡಿ ಬಂದೆ, ಸ್ಟ್ರೀಕ್ ಮುರೀಬಾರ್ದು ಅಂತ. ವಾಪಸ್ ಬಂದ್ರೆ ಹೆಂಡತಿ ಲೈಟ್ ಹಾಕ್ಕೊಂಡು ಕೂತಿದ್ಲು. ಬೈಲಿಲ್ಲ. "ಓಡಿದ್ದಕ್ಕಲ್ಲ ರೀ, ಶೂ ಕೈಯಲ್ಲಿ ಹಿಡ್ಕೊಂಡು ಹೋದ್ರಲ್ಲ, ಅದಕ್ಕೆ ಬೇಜಾರು" ಅಂದ್ಲು ಅಷ್ಟೆ.

ಅದೇ ತಲೆ ಕೊರೀತಿದೆ. ಆದ್ರೆ ನನ್ನ ವಾದಾನೂ ಕೇಳಿ. ಇಂಗ್ಲೆಂಡಿನ ಓಟಗಾರ ರಾನ್ ಹಿಲ್ 1964ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ, 52 ವರ್ಷ, ದಿನಾ ಕನಿಷ್ಠ ಒಂದು ಮೈಲಿ (1.6 ಕಿ.ಮೀ.) ಓಡಿದಾರೆ. 1993ರಲ್ಲಿ ಕಾರ್ ಆಕ್ಸಿಡೆಂಟ್ ಆಗಿ ಎದೆಮೂಳೆ ಮುರಿದಾಗ್ಲೂ ಬಿಡ್ಲಿಲ್ಲ. ಅವರು ಮಾಡಿದ್ರೆ ಛಲ, ನಾನು ಮಾಡಿದ್ರೆ ಹುಚ್ಚಾ? ಈ ಗೆರೆ ಎಲ್ಲಿದೆ, ಯಾರಾದ್ರೂ ಹೇಳಿ.

ಸುಮ್ನೆ_ಓದೋನು:
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ ಗುರು, ನಿಮ್ ಕೇಸಲ್ಲಿ ನಿಮಗೇ ಒಂದೇ ಕಾಲು ಉಳಿಯೋ ಥರ ಇದೆ 😄

ಫಿಸಿಯೋ_ಅಕ್ಕ:
ನಗು ಆಮೇಲೆ. ಬೆರಳ ತುದಿಯಷ್ಟು ಜಾಗದಲ್ಲಿ ಒತ್ತಿದ್ರೆ ನೋವು ಅಂದ್ರಲ್ಲ, ಅದು ಒಳ್ಳೆ ಸೂಚನೆ ಅಲ್ಲ. ಮೂಳೆ ಸುಮ್ನೆ ಇರೋ ಕಲ್ಲಲ್ಲ, ಓಡಿದಾಗ ಆಗೋ ಸಣ್ಣ ಸಣ್ಣ ಪೆಟ್ಟನ್ನ ದಿನಾ ರಿಪೇರಿ ಮಾಡ್ಕೊಳ್ತಾ ಇರುತ್ತೆ, ಹಳೇದನ್ನ ಕೆದಕಿ ತೆಗೆದು ಹೊಸದು ತುಂಬುತ್ತೆ. ತೆಗೆಯೋದು ಬೇಗ, ತುಂಬೋದು ನಿಧಾನ. ರೆಸ್ಟೇ ಕೊಡದಿದ್ರೆ ಬರೀ ತೆಗೆಯೋದೇ ಆಗ್ತಾ ಇರುತ್ತೆ, ಆಮೇಲೆ ಒಂದಿನ ಬಿರುಕು ಪೂರ್ತಿ ಮುರಿತ ಆಗುತ್ತೆ. ಶುರುವಿನ ವಾರಗಳಲ್ಲಿ ಎಕ್ಸ್‌ರೇಲಿ ಏನೂ ಕಾಣದೇ ಇರಬಹುದು, ಎಕ್ಸ್‌ರೇ ನಾರ್ಮಲ್ ಇದೆ ಅಂತ ಓಡೋಕೆ ಹೋಗ್ಬೇಡಿ, ಎಂಆರ್‌ಐ ಬಗ್ಗೆ ಡಾಕ್ಟರ ಹತ್ರ ಕೇಳಿ. ಆರು ವಾರದಲ್ಲಿ ಸ್ಟಾಮಿನಾ ಇಳಿಯುತ್ತೆ, ಸುಳ್ಳು ಹೇಳಲ್ಲ, ಆದ್ರೆ ಅದು ವಾಪಸ್ ಬರುತ್ತೆ.

ಅರ್ಧ_ಬಿಷಪ್:
ಓಟದ ಬಗ್ಗೆ ಗೊತ್ತಿಲ್ಲ, ಗೀಳಿನ ಬಗ್ಗೆ ಚೆನ್ನಾಗಿ ಗೊತ್ತು. ಎರಡು ವರ್ಷ ಆನ್‌ಲೈನ್ ಚೆಸ್ ಆಡ್ದೆ, 1600 ರೇಟಿಂಗ್ ಮುಟ್ಟಬೇಕು ಅಂತ. ಮೊದಲು ದಿನಾ ಎಂಡ್‌ಗೇಮ್ (ಆಟದ ಕೊನೆ ಹಂತ) ಓದ್ತಿದ್ದೆ, ಸೋತ ಆಟ ವಾಪಸ್ ನೋಡ್ತಿದ್ದೆ. 1580 ದಾಟಿದ್ಮೇಲೆ ಏನಾಯ್ತೋ, ಓದೋದು ನಿಂತೋಯ್ತು, ನಂಬರ್ ನೋಡೋದು ಶುರುವಾಯ್ತು. ಒಂದ್ ರಾತ್ರಿ ಎರಡು ಗಂಟೆಗೆ ಒಂದು ತೋಳಲ್ಲಿ ಮಗು ಅಳ್ತಿದೆ, ಇನ್ನೊಂದು ಕೈಯಲ್ಲಿ ಫೋನು, ಸತತ ಹನ್ನೊಂದು ಆಟ ಸೋತು ಹನ್ನೆರಡನೇದು ಶುರು ಮಾಡಿದೀನಿ. ಚೆನ್ನಾಗಿ ಆಡೋರು ಎದುರಾದ್ರೆ ಸೋಲ್ತೀನಿ ಅಂತ ಬಿಟ್ಟು ಎದ್ದು ಹೋಗ್ತಿದ್ದೆ ಬೇರೆ. ಅಂದ್ರೆ ಚೆಸ್ ಕಲೀಬೇಕು ಅನ್ನೋ ಗುರೀನೇ ಆ ನಂಬರ್‌ಗೋಸ್ಕರ ಮಾರ್ಕೊಂಡೆ.

ನಿಮ್ದೂ ಅದೇ ಅನ್ಸುತ್ತೆ. ನಿಮ್ಮ ಗುರಿ ಹಾಫ್ ಮ್ಯಾರಥಾನ್ ಅಲ್ವಾ? ಮೊನ್ನೆ ರಾತ್ರಿ ಕುಂಟ್ಕೊಂಡು ಓಡಿದ 1.6 ಕಿ.ಮೀ.ಯಿಂದ ಅದಕ್ಕೆ ಏನ್ ಸಹಾಯ ಆಯ್ತು? ಗುರಿ ಯಾವಾಗ್ಲೋ ಬದಲಾಗಿ ಸ್ಟ್ರೀಕೇ ಗುರಿ ಆಗಿದೆ. ನಿಮಗೆ ಗೊತ್ತಾಗಿಲ್ಲ, ಮನೆಯವರಿಗೆ ಗೊತ್ತಾಗಿದೆ.

ಇನ್ನೊಂದು, ಕೆನಡಾದ ಮನಃಶಾಸ್ತ್ರಜ್ಞ ರಾಬರ್ಟ್ ವ್ಯಾಲೆರಾಂಡ್ ಮತ್ತೆ ಅವರ ಜೊತೆಯವರು 2003ರಲ್ಲಿ ಇದೇ ವಿಷಯ ಬರೆದಿದಾರೆ. ಹಿಡಿತದಲ್ಲಿರೋ ಆಸಕ್ತಿ ಒಂದು, ನಮ್ಮನ್ನೇ ಹಿಡ್ಕೊಂಡಿರೋ ಆಸಕ್ತಿ ಇನ್ನೊಂದು ಅಂತ. ಎರಡನೇ ಥರದ ಸೈಕಲ್ ಸವಾರರು ಚಳಿಗಾಲದಲ್ಲಿ, ರಸ್ತೆ ಮೇಲೆ ಹಿಮ ಕಟ್ಟಿರುವಾಗ್ಲೂ ಸೈಕಲ್ ತೆಗೀತಿದ್ರಂತೆ, ಬೀಳೋ ಅಪಾಯ ಇದೆ ಅಂತ ಗೊತ್ತಿದ್ರೂ. ಓದಿದಾಗ ಆ ಹನ್ನೆರಡನೇ ಆಟ ನೆನಪಾಯ್ತು.

ಗುಡ್ಡ_ಹತ್ತೋಣ:
ನಾನು ಇದಕ್ಕೆ ಯಾವಾಗ್ಲೂ ಯೋರಾನ್ ಕ್ರಾಪ್ ಕಥೆ ಹೇಳೋದು. ಸ್ವೀಡನ್‌ನವನು, 1995ರ ಅಕ್ಟೋಬರ್‌ನಲ್ಲಿ ಅಲ್ಲಿಂದಲೇ ಸೈಕಲ್ ಹತ್ತಿದವನು ನೇಪಾಳದವರೆಗೂ ತುಳಿದ, ಎವರೆಸ್ಟ್ ಹತ್ತೋಕೆ, ಅದೂ ಆಕ್ಸಿಜನ್ ಸಿಲಿಂಡರ್ ಇಲ್ದೆ. ಇದನ್ನ ಕೇಳಿದ ಯಾರಾದ್ರೂ ಹುಚ್ಚ ಅಂತಾನೇ ಅನ್ನೋದು. 1996ರ ಮೇ ಶುರುವಿನಲ್ಲಿ ತುದಿ ಇನ್ನು ನೂರು ಮೀಟರ್ ಅನ್ನೋ ಹೊತ್ತಿಗೆ ತಡ ಆಗಿದೆ, ಹತ್ತಿದ್ರೆ ಇಳಿಯೋಕಾಗಲ್ಲ ಅಂತ ವಾಪಸ್ ತಿರುಗಿದ. ಅಷ್ಟು ಸಾವಿರ ಕಿಲೋಮೀಟರ್ ತುಳಿದು ಬಂದು ನೂರು ಮೀಟರ್ ಬಿಡೋದು ಅಂದ್ರೆ ಯೋಚನೆ ಮಾಡಿ! ಒಂದು ವಾರಕ್ಕೆ, ಮೇ 10-11ರ ಬಿರುಗಾಳಿಯಲ್ಲಿ ಅದೇ ಬೆಟ್ಟದಲ್ಲಿ ಎಂಟು ಜನ ತೀರ್ಕೊಂಡ್ರು, ವಾಪಸ್ ತಿರುಗೋ ಹೊತ್ತು ಮೀರಿದ್ಮೇಲೂ ಮೇಲೆ ಹತ್ತುತ್ತಿದ್ದವರು ಅವರಲ್ಲಿ ಇದ್ರು. ಕ್ರಾಪ್ ಮೇ 23ಕ್ಕೆ ತುದಿ ಮುಟ್ಟಿದ.

ಛಲದಂಕಮಲ್ಲ_2:
ಎಲ್ಲರೂ ಸೇರಿ ಗೀಳನ್ನ ಇಷ್ಟು ಬೈಬೇಡ್ರಪ್ಪ. ಗಣಿತಜ್ಞ ಆಂಡ್ರ್ಯೂ ವೈಲ್ಸ್ ಏಳು ವರ್ಷ ಯಾರಿಗೂ ಹೇಳದೆ ಬಾಗಿಲು ಹಾಕ್ಕೊಂಡು, ಅಲ್ಲಿವರೆಗೆ ಯಾರೂ ಬಿಡಿಸದ ಫರ್ಮಾನ ಕೊನೆಯ ಪ್ರಮೇಯ ಹಿಡಿದು ಕೂತಿದ್ದ, 1993ರಲ್ಲಿ ಬಿಡಿಸಿದೆ ಅಂದ, ತಪ್ಪು ಸಿಕ್ತು, ಮತ್ತೆ ಒಂದು ವರ್ಷ ಒದ್ದಾಡಿ 1994ರಲ್ಲಿ ಸರಿ ಮಾಡ್ದ. ಮಧ್ಯದಲ್ಲಿ ಬಿಟ್ಟಿದ್ರೆ? ಗೆದ್ರೆ ಛಲ, ಸೋತ್ರೆ ಗೀಳು, ಜನ ಆಮೇಲೆ ಹೆಸರಿಡ್ತಾರೆ. ಕನ್ನಡದಲ್ಲಿ ಛಲದಂಕಮಲ್ಲ ಅಂತ ಹೊಗಳೋದು ಯಾರನ್ನ ಅಂದ್ಕೊಂಡ್ರಿ, ದುರ್ಯೋಧನನ್ನೇ.

ಅರ್ಧ_ಬಿಷಪ್:
@ಛಲದಂಕಮಲ್ಲ_2 ಹೊಗಳಿಸ್ಕೊಂಡು ತೊಡೆ ಮುರಿಸ್ಕೊಂಡ, ಇಲ್ಲೂ ಕಾಲಿನ ವಿಷಯಾನೇ 😀 ತಮಾಷೆ ಬಿಡಿ, ವೈಲ್ಸ್ ವಿಷಯ ಅರ್ಧ ಒಪ್ತೀನಿ. ಅವನು ಲೋಕದಿಂದ ಮುಚ್ಚಿಟ್ಟ, ಆದ್ರೆ ಹೆಂಡತಿಗೆ ಗೊತ್ತಿತ್ತು. ಶೂ ಕೈಯಲ್ಲಿ ಹಿಡ್ಕೊಂಡು ಮೆಟ್ಟಿಲು ಇಳೀಲಿಲ್ಲ. ಮತ್ತೆ ರಾನ್ ಹಿಲ್ ಕೂಡ ಕೊನೆಗೆ ನಿಲ್ಲಿಸಿದ್ದು ಓಡುವಾಗ ಎದೆ ನೋವು ಬಂದಿದ್ದಕ್ಕೆ, ಆವತ್ತೂ ಮೈಲಿ ಮುಗಿಸೇ ಬಿಟ್ರು ಅನ್ನೋದು ನನಗಂತೂ ಸ್ವಲ್ಪ ಹೆದರಿಕೆ ಹುಟ್ಟಿಸೋ ವಿಷಯ.

ಬೆಳಗಿನ_ಓಟ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಓಡ್ಲಿಲ್ಲ. ಹೇಳೋಕೆ ನಾಚಿಕೆ ಆಗುತ್ತೆ, 11:50ಕ್ಕೆ ಫೋನ್ ಹಿಡ್ಕೊಂಡು ಹಾಸಿಗೆ ಮೇಲೆ ಕೂತಿದ್ದೆ, ಆ್ಯಪ್ ಇನ್ನೂ ಹತ್ತು ನಿಮಿಷ ಇದೆ ಅಂತ ಮೆಸೇಜ್ ಬೇರೆ ಕಳಿಸ್ತು. ಹೆಂಡತಿ ನೋಡಿದ್ಲು, ಶೂ ತೆಗೆದು ಬಾಗಿಲ ಹತ್ರ ಇಟ್ಟು, "ಹೋಗೋದಾದ್ರೆ ಹಾಕ್ಕೊಂಡೇ ಹೋಗಿ, ನಾನೂ ಬರ್ತೀನಿ" ಅಂದ್ಲು. ಹೋಗ್ಲಿಲ್ಲ. 12 ಆದ್ಮೇಲೆ 287 ಹೋಗಿ ಸೊನ್ನೆ ಬಂತು. ಬೆಳಗ್ಗೆಯಿಂದ ನಾಲ್ಕು ಸಲ ತೆಗೆದು ನೋಡಿದೀನಿ, ಸೊನ್ನೆನೇ ಇದೆ.

ಎಂಆರ್‌ಐ ಗುರುವಾರ. ಫಿಸಿಯೋ ಅಕ್ಕ, ನೀರಲ್ಲಿ ಓಡಬಹುದು ಅಂತ ಎಲ್ಲೋ ಓದ್ದೆ, ಈ ಆರು ವಾರ ದಿನಾ ಮಾಡಬಹುದಾ?

ಫಿಸಿಯೋ_ಅಕ್ಕ:
ದಿನಾ ಅಂತ ಕೇಳ್ತಿದೀರಲ್ಲ ಮತ್ತೆ! ಗುರುವಾರ ರಿಪೋರ್ಟ್ ಬರಲಿ, ಆಮೇಲೆ ಹೇಳ್ತೀನಿ.