ಅಪ್‌ಡೇಟ್: ಭಾಗವತರ ಪದ ಟಿವಿಯಲ್ಲಿ ಈಗ ಸ್ಪಷ್ಟ

ಕುಂಬಳೆಯ ಯಕ್ಷಗಾನ ಬಯಲಾಟದ 5.1 ಮಿಕ್ಸ್ (ಮುಂದೆ ಎಡ, ಬಲ ಮತ್ತು ನಡುವಿನ ಸೆಂಟರ್, ಹಿಂದೆ ಎರಡು ಸರೌಂಡ್, ಜೊತೆಗೆ ತಗ್ಗು ನಾದದ ಒಂದು ಚಾನೆಲ್) ಸ್ಟುಡಿಯೋದಲ್ಲಿ ಚೆನ್ನಾಗಿದ್ದು, ಮನೆಯ ಸ್ಟೀರಿಯೋ ಟಿವಿಯಲ್ಲಿ ಮಾತ್ರ ಭಾಗವತರು ಹಾಡುವ ಪದ ಮಸುಕಾಗುವುದೇಕೆ ಎಂದು ಕೇಳಿದ್ದೆ. ಕಾರಣ ಡೌನ್‌ಮಿಕ್ಸ್, ಅಂದರೆ ಅಷ್ಟೂ ಚಾನೆಲ್‌ಗಳನ್ನು ಎಡ, ಬಲ ಎರಡಕ್ಕೇ ಇಳಿಸುವುದು. ಅದರಲ್ಲಿ ಸೆಂಟರ್ 3 ಡಿಬಿ ತಗ್ಗಿ ಎಡಬಲಕ್ಕೆ ಸೇರುತ್ತದೆ, ಸರೌಂಡೂ ಅಲ್ಲಿಗೇ ಬಂದು ಬೀಳುತ್ತದೆ. ನಮ್ಮ ಸರೌಂಡ್ ಮೈಕ್ ರಂಗಸ್ಥಳದಿಂದ 17 ಮೀಟರ್ ದೂರ. ಹಾಗಾಗಿ ಚೆಂಡೆಯ ಪ್ರತಿ ಪೆಟ್ಟೂ ಸುಮಾರು 50 ಮಿಲಿಸೆಕೆಂಡ್ ತಡವಾಗಿ ಇನ್ನೊಮ್ಮೆ ಬಂದು ಸಾಹಿತ್ಯವನ್ನು ಮುಚ್ಚುತ್ತಿತ್ತು. ಹಿಂದಿನ ಸ್ಪೀಕರಿನಲ್ಲಿ ಅದು ಬಯಲಿನ ಗುಂಗು, ಮುಂದಿನದರಲ್ಲಿ ಬರೀ ಗಲಿಬಿಲಿ.

ಸರೌಂಡನ್ನು 6 ಡಿಬಿ ಇಳಿಸಿ, 150 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸಿದೆ. ಪದ ಈಗ ಸೆಂಟರಿನಲ್ಲಿ ಮಾತ್ರ, ಒಂದೊಂದು ಅಕ್ಷರವೂ ಕೇಳುತ್ತದೆ. ಇನ್ನೊಂದು ವಿಷಯ: ಡೌನ್‌ಮಿಕ್ಸಿನಲ್ಲಿ ಎಲ್‌ಎಫ್‌ಇ (ತಗ್ಗು ನಾದದ ಆ ಪ್ರತ್ಯೇಕ ಚಾನೆಲ್) ಸಾಮಾನ್ಯವಾಗಿ ಬಿಟ್ಟೇ ಹೋಗುತ್ತದೆ. ಮದ್ದಳೆಯ ತಗ್ಗು ನಾದವನ್ನು ದಯವಿಟ್ಟು ಅದೊಂದರಲ್ಲೇ ಇಡಬೇಡಿ.